ತಳದ ಕೆಸರನ್ನು ಎಣಿಸಿದ ಪೀಟರ್ಸನ್

ಡೆನ್ಮಾರ್ಕಿನ ಸಿ. ಜಿ. ಯೋಹಾನ್ನೆಸ್ ಪೀಟರ್ಸನ್ (1860–1928) ಅವರನ್ನು ಕಾಡಿದ ಪ್ರಶ್ನೆ ಇದು: ಲಿಮ್‌ಫ್ಯೋರ್ಡಿನ ತಣ್ಣನೆಯ ಉಪ್ಪುನೀರಿನ ತಳದಲ್ಲಿ ಮೀನಿಗೆ ಎಲ್ಲಿ, ಎಷ್ಟು ಆಹಾರವಿದೆ? ಬಲೆ ಎಳೆದರೆ ಲೆಕ್ಕ ಸಿಗದು. ಹಾಗಾಗಿ 0.1 ಚದರ ಮೀಟರ್ ತಳವನ್ನು ಕಚ್ಚಿ ಮೇಲೆತ್ತುವ ಕಬ್ಬಿಣದ ದವಡೆಯೊಂದನ್ನು ರೂಪಿಸಿದರು. ಬಂದ ಕೆಸರನ್ನು ಜರಡಿ ಹಿಡಿದು ಚಿಪ್ಪುಜೀವಿ, ಹುಳುಗಳನ್ನು ಎಣಿಸಿ ತೂಗಿದರು. ಆಳ, ಕೆಸರು, ಉಪ್ಪಿನಂಶ ಬದಲಾದಂತೆ ಜೀವಿಸಮುದಾಯವೂ ಬದಲಾಗುತ್ತಿತ್ತು. ಆಳವಿಲ್ಲದ ಕಡೆ ಮಕೋಮಾ ಚಿಪ್ಪುಗಳದೇ ಮೇಲುಗೈ.

ಇದಕ್ಕೆಲ್ಲ ಮೂಲ ಆಹಾರ ಈಲ್‌ಗ್ರಾಸ್ ಎಂಬ ಕಡಲಹುಲ್ಲಿನ ಕೊಳೆತ ಚೂರುಗಳೆಂದು ಅವರು ನಂಬಿದ್ದರು. ಅವರು ತೀರಿಕೊಂಡ ಮೇಲೆ, 1930ರ ದಶಕದಲ್ಲಿ, ರೋಗ ತಗುಲಿ ಆ ಹುಲ್ಲು ಬಹುಪಾಲು ನಾಶವಾಯಿತು. ಮೀನುಗಾರಿಕೆ ಮಾತ್ರ ಕುಸಿಯಲಿಲ್ಲ. ಪಾಠದಲ್ಲಿ ಈ ತಪ್ಪನ್ನು ಮುಚ್ಚಿಡಬೇಡಿ, ಮಕ್ಕಳು ಕಿವಿಗೊಡುವುದೇ ಇಲ್ಲಿ. ಮಾಗಡಿ, ಕನಕಪುರದ ಮಕ್ಕಳು ಕಡಲನ್ನು ಕಂಡಿರದಿದ್ದರೂ ಊರ ಕೆರೆಯಂಚಿನ ಬೊಗಸೆ ಕೆಸರು, ಒಂದು ಜರಡಿ ಸಾಕು.