ಮೊಗ್ಲಿಂಗ್ ಅಯ್ಯನವರು ತೀರಿಸಿದ ವಿದ್ಯಾಋಣ

ಮುಂಗಾರು ಹಿಡಿಯುವ ಹೊತ್ತಿಗೆ ಕುಬಿಹಾಳದಂಥ ನಮ್ಮ ಎರೆನೆಲದ ಊರುಗಳಲ್ಲಿ ಪ್ರತಿ ವರ್ಷವೂ ಎರಡು ಚಿಂತೆಗಳು ಕೂಡಿ ಬರುತ್ತವೆ. ಒಂದು ಬಿತ್ತಿಗೆಯ ಚಿಂತೆ. ಇನ್ನೊಂದು, ಹುಬ್ಬಳ್ಳಿಗಾಗಲಿ ಧಾರವಾಡಕ್ಕಾಗಲಿ ಓದಲು ಹೋಗುವ ಮಕ್ಕಳ ಊಟ ವಸತಿಯ ಚಿಂತೆ. ಬೀಜಕ್ಕೆಂದು ಇಟ್ಟ ಹಣವು ಹಾಸ್ಟೆಲಿಗೆ ಹೋಗುವದುಂಟು. ಇಷ್ಟೆಲ್ಲಾ ಕಷ್ಟಪಟ್ಟು ಓದಿಸಿದ ಮಗನು ನಾಳೆ ತನ್ನ ಊರಿನ ಕಡೆಗೆ ತಿರುಗಿ ನೋಡುವನೋ ಇಲ್ಲವೋ ಎಂಬ ಸಂಶಯವು ತಂದೆತಾಯಿಗಳ ಮನಸ್ಸನ್ನು ಕೊರೆಯುವದನ್ನು ನಾವು ಬಲ್ಲೆವು. ಆದಕಾರಣ ಪರರ ಅನ್ನದಿಂದ ವಿದ್ಯೆ ಕಲಿತು, ಆ ಋಣವನ್ನು ನಮ್ಮ ಕನ್ನಡ ನಾಡಿನಲ್ಲಿ ತೀರಿಸಿದ ಒಬ್ಬ ದೈವಭಕ್ತರ ಚರಿತ್ರೆಯನ್ನು ಈ ತಿಂಗಳು ಹೇಳಬೇಕೆಂದಿದ್ದೇವೆ.

ಹರ್ಮನ್ ಮೊಗ್ಲಿಂಗ್ ಅಯ್ಯನವರು 1811ನೇ ಇಸವಿಯ ಮೇ 29ರಂದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದರು. ದೇವಜ್ಞಾನಶಾಸ್ತ್ರವನ್ನು ಓದುವದಕ್ಕಾಗಿ ಅವರು ಟ್ಯೂಬಿಂಗೆನ್ ಪಟ್ಟಣಕ್ಕೆ ಹೋದರು. ಅಲ್ಲಿಯ ವಿಶ್ವವಿದ್ಯಾಲಯವು 1477ರಲ್ಲಿ ಸ್ಥಾಪಿತವಾದದ್ದು. ಅದರ ಮಗ್ಗುಲಲ್ಲಿ ಸ್ಟಿಫ್ಟ್ ಎಂಬ ವಿದ್ಯಾರ್ಥಿಮಂದಿರವಿದೆ. ಸಭೆಗಳಿಗೆ ಕಲಿತ ಬೋಧಕರು ಬೇಕೆಂದು ಉಲ್ರಿಕ್ ಎಂಬ ದೊರೆಯು 1536ರಲ್ಲಿ ಅದನ್ನು ಆರಂಭಿಸಿದನು. ಕೆಲವು ವರ್ಷಗಳ ತರುವಾಯ ನೆಕ್ಕರ್ ಹೊಳೆಯ ಮೇಲಣ ದಿಬ್ಬದಲ್ಲಿದ್ದ ಒಂದು ಹಳೆಯ ಸನ್ಯಾಸಿಮಠವನ್ನೇ ಅದಕ್ಕೆ ಬಿಟ್ಟುಕೊಡಲಾಯಿತು.

ಆ ಮಂದಿರದ ಜೀವನವು ಹೇಗಿತ್ತೆಂದು ಸ್ವಲ್ಪ ತಿಳಿಯುವದು ಒಳ್ಳೇದು. ಕಠಿಣವಾದ ಪರೀಕ್ಷೆಯಲ್ಲಿ ಗೆದ್ದ ಹುಡುಗರಿಗೆ ಅಲ್ಲಿ ಊಟ, ವಸತಿ, ಪಾಠ ಎಲ್ಲವೂ ಧರ್ಮಾರ್ಥವಾಗಿ ದೊರೆಯುತ್ತಿದ್ದವು. ಎರಡು ವರ್ಷ ತತ್ವಶಾಸ್ತ್ರ, ಮೂರು ವರ್ಷ ದೇವಜ್ಞಾನ, ಹೀಗೆ ಐದು ವರ್ಷಗಳ ಓದು. ಚಳಿಗಾಲದಲ್ಲಿ ಬೆಂಕಿ ಕಾಯಿಸಿದ ಕೋಣೆಯಲ್ಲಿ ಹಲವರು ಕೂಡಿ ಓದುತ್ತಿದ್ದರು. ಊಟವು ಒಂದೇ ಸಾಲಿನಲ್ಲಿ ಆಗುತ್ತಿತ್ತು. ಗುರುಗಳು ಹೇಳಿದ ಪಾಠವನ್ನು ತಿರುಗಿ ಹೇಳಿಕೊಡುವದಕ್ಕೆ ತರುಣ ಉಪಾಧ್ಯಾಯರು ಅದೇ ಮನೆಯಲ್ಲಿ ವಾಸಿಸುತ್ತಿದ್ದರು. ತಪ್ಪು ಮಾಡಿದವನಿಗೆ ಊಟದೊಂದಿಗೆ ಕೊಡುವ ದ್ರಾಕ್ಷಾರಸವನ್ನು ನಿಲ್ಲಿಸುವದು ಆ ಮನೆಯ ಹಳೇ ಶಿಕ್ಷೆ. ಈ ಕಟ್ಟುನಿಟ್ಟಿನಿಂದ ಬೇಸತ್ತವರೂ ಇದ್ದರು. ಆದರೂ ಬಡವರ ಮಕ್ಕಳಿಗೆ ಆ ಬಾಗಿಲು ತೆರೆದಿರದೆ ಹೋಗಿದ್ದರೆ ಲೋಕಕ್ಕೆ ಎಷ್ಟು ನಷ್ಟವಾಗುತ್ತಿತ್ತು! ಗ್ರಹಗಳು ಸೂರ್ಯನ ಸುತ್ತಲು ತಿರುಗುವ ದಾರಿಯನ್ನು ಕಂಡುಹಿಡಿದ ಕೆಪ್ಲರನು ಕೂಲಿ ಸಿಪಾಯಿಯೊಬ್ಬನ ಮಗನಾಗಿದ್ದು, 1589ರಲ್ಲಿ ಈ ಮನೆಯ ಅನ್ನವನ್ನುಂಡು ಕಲಿತವನು. ಮಲಯಾಳ ಭಾಷೆಗೆ ನಿಘಂಟನ್ನು ಬರೆದ ಗುಂಡರ್ಟ್ ಅಯ್ಯನವರೂ ಇಲ್ಲಿಯ ವಿದ್ಯಾರ್ಥಿಯೇ. ಅವರು ಮೊಗ್ಲಿಂಗರ ಆಪ್ತ ಮಿತ್ರರಾಗಿದ್ದು, ಮುಂದೆ ಅವರ ಜೀವನಚರಿತ್ರೆಯನ್ನೂ ಬರೆದರು.

ಇಂಥ ವಿದ್ಯೆಯನ್ನು ಪಡೆದವರು ಸ್ವದೇಶದಲ್ಲಿ ಸುಖವಾದ ಉದ್ಯೋಗವನ್ನು ಹಿಡಿಯಬಹುದಾಗಿತ್ತು. ಮೊಗ್ಲಿಂಗರಾದರೋ ಬಾಸೆಲ್ ಮಿಶನ್ನಿಗೆ ಸೇರಿ, 1836ರಲ್ಲಿ ಮಂಗಳೂರಿಗೆ ಬಂದಿಳಿದರು. ನಮ್ಮ ಧಾರವಾಡ ಸೀಮೆಯಲ್ಲಿಯೂ ಅವರು ಕೆಲವು ಕಾಲ ಸೇವೆ ಮಾಡಿದರು. ಬಳಿಕ ಮಂಗಳೂರಿನಲ್ಲಿ ಹುಡುಗರಿಗೆ ಊಟ ವಸತಿಯ ಶಾಲೆಯನ್ನು ನಡಿಸುವ ಭಾರವು ಅವರ ಮೇಲೆ ಬಿದ್ದಿತು. ತಾನು ಬಂಗ್ಲೆಯಲ್ಲಿ, ಹುಡುಗರು ಹಿತ್ತಲಲ್ಲಿ ಎಂಬ ಏರ್ಪಾಡು ಅವರಿಗೆ ಸೇರಲಿಲ್ಲ. ಟ್ಯೂಬಿಂಗೆನ್ನಿನಲ್ಲಿ ಉಪಾಧ್ಯಾಯರು ವಿದ್ಯಾರ್ಥಿಗಳ ಸಂಗಡ ವಾಸಿಸಿದಂತೆಯೇ, ಅವರು ಹುಡುಗರ ಸಂಗಡ ಒಂದೇ ಮಾಡಿನ ಕೆಳಗೆ ಇದ್ದು, ಅವರ ಊಟವನ್ನೇ ಉಂಡರು. ಪಂಕ್ತಿಭೇದವೇ ಧರ್ಮವೆಂದು ತಿಳಿದಿದ್ದ ಆ ಕಾಲದಲ್ಲಿ ಗುರುವು ಶಿಷ್ಯರೊಂದಿಗೆ ಕೂತು ಉಣ್ಣುವದೇ ಒಂದು ದೊಡ್ಡ ಪಾಠವಾಗಿತ್ತು.

ಈ ಕೆಲಸವು ತೊಂದರೆಯಿಲ್ಲದೆ ನಡೆಯಲಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ತರುಣರು ಇನ್ನಿಬ್ಬರೊಂದಿಗೆ ದೀಕ್ಷಾಸ್ನಾನವನ್ನು ಹೊಂದಿದಾಗ ಪಟ್ಟಣದಲ್ಲಿ ದೊಡ್ಡ ಗದ್ದಲವೆದ್ದಿತು. ಅನೇಕರು ತಮ್ಮ ಮಕ್ಕಳನ್ನು ಮಿಶನ್ ಶಾಲೆಯಿಂದ ಬಿಡಿಸಿದರು. ಮನೆಯನ್ನೂ ನೆಂಟರನ್ನೂ ಕಳಕೊಂಡ ಕೌಂಡಿನ್ಯರನ್ನು ಮೊಗ್ಲಿಂಗರು ಕೈಬಿಡದೆ, ತಮ್ಮ ಸಂಗಡ ಬಾಸೆಲಿಗೆ ಕರಕೊಂಡು ಹೋಗಿ ಅಲ್ಲಿಯ ವಿದ್ಯಾಮಂದಿರದಲ್ಲಿ ಸೇರಿಸಿದರು. ಅವರು 1851ರಲ್ಲಿ ಬೋಧಕದೀಕ್ಷೆಯನ್ನು ಹೊಂದಿ, ಮಂಗಳೂರಿಗೆ ತಿರುಗಿ ಬಂದು, ತಮ್ಮ ದೇಶದ ಹುಡುಗರಿಗೆ ತಾವೇ ಗುರುಗಳಾದರು.

ಇಷ್ಟರಲ್ಲಿ 1847ರಲ್ಲಿ ಮಂಗಳೂರಿನಲ್ಲಿ ಉಪದೇಶಿಗಳನ್ನು ಸಿದ್ಧಪಡಿಸುವ ವಿದ್ಯಾಲಯವು ಸ್ಥಾಪಿತವಾಯಿತು. ಅದರ ಮೊದಲನೆಯ ಮುಖ್ಯಗುರುಗಳು ಮೊಗ್ಲಿಂಗರೇ. ಕಲಿತವನು ತನ್ನ ಜನರಿಗೆ ಪರಕೀಯನಾಗಬಾರದೆಂಬದು ಅವರ ನಡತೆಯಲ್ಲೆಲ್ಲಾ ಕಾಣುತ್ತದೆ. ಕನ್ನಡದ ಮೊದಲ ವರ್ತಮಾನಪತ್ರವಾದ ಮಂಗಳೂರ ಸಮಾಚಾರವನ್ನು 1843ರ ಜುಲೈ 1ರಂದು ಅವರು ಕಲ್ಲಚ್ಚಿನಲ್ಲಿ ಹೊರಡಿಸಿದ್ದರು. ನಾಡಿನ ಗಾದೆಗಳನ್ನು ಕೂಡಿಸಿದರು. ಕ್ರೈಸ್ತ ಬೋಧಕರಾಗಿದ್ದರೂ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಗೌರವದಿಂದ ಅಚ್ಚು ಹಾಕಿಸಿದರು. ಓಲೆಗರಿಗಳಲ್ಲಿ ಅಡಗಿದ್ದ ಸಾಹಿತ್ಯವು ಹೀಗೆ ಓದುವವರ ಕೈಗೆ ಬಂದಿತು.

1853ರಲ್ಲಿ ಸೋಮಯ್ಯನೆಂಬ ಕೊಡಗಿನ ಒಕ್ಕಲಿಗನು ಮಂಗಳೂರಿಗೆ ಬಂದು ಸ್ತೆಫಾನನೆಂಬ ಹೆಸರಿನಿಂದ ದೀಕ್ಷಾಸ್ನಾನವನ್ನು ಹೊಂದಿದನು. ತನ್ನವರಿಂದ ಬಹಿಷ್ಕೃತನಾದ ಆತನೊಬ್ಬನಿಗೋಸ್ಕರ ಈ ಪಂಡಿತರು ಕೊಡಗಿಗೆ ಹೊರಟುಹೋದರು. ಅಲ್ಲಿ ಜೀತಕ್ಕೆ ಸಿಕ್ಕಿದ್ದ ಹೊಲೆಯ ಜನರಿಗಾಗಿ 1857ರಲ್ಲಿ ಆನಂದಪುರವೆಂಬ ಊರು ಹುಟ್ಟಿತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಕನ್ನಡದ ಸೇವೆಗಾಗಿ 1858ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. ಅನ್ನವಿಟ್ಟು ಓದಿಸಿದ ಪಟ್ಟಣವು ತನ್ನ ಅನ್ನವು ವ್ಯರ್ಥವಾಗಲಿಲ್ಲವೆಂದು ಹೀಗೆ ಸಾಕ್ಷಿಕೊಟ್ಟಿತು. ಪತ್ನಿಯ ಅಸ್ವಸ್ಥತೆಯ ದೆಸೆಯಿಂದ ಅವರು 1860ರಲ್ಲಿ ಸ್ವದೇಶಕ್ಕೆ ಹೋದರು. 1881ನೇ ಮೇ 10ರಂದು ಎಸ್ಲಿಂಗೆನ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು.

ಆ ಎರಡು ಮನೆಗಳೂ ಇಂದಿಗೂ ನಿಂತಿವೆ. ನೆಕ್ಕರ್ ಹೊಳೆಯ ಮೇಲಣ ಸ್ಟಿಫ್ಟಿನಲ್ಲಿ ಈಗ ಹೆಣ್ಣುಮಕ್ಕಳೂ ಓದುತ್ತಾರೆ. ಮೊಗ್ಲಿಂಗರು ಆರಂಭಿಸಿದ ವಿದ್ಯಾಲಯವು ಮಂಗಳೂರಿನ ಬಲ್ಮಠದಲ್ಲಿ 1965ರಿಂದ ಕರ್ನಾಟಕ ಥಿಯಲಾಜಿಕಲ್ ಕಾಲೇಜೆಂಬ ಹೆಸರಿನಿಂದ ನಡೆಯುತ್ತಲಿದೆ; ಅದು ಸೆರಾಂಪುರದ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅದು ದೊಡ್ಡ ಕಾಲೇಜೇನೂ ಅಲ್ಲ. ಆದರೆ ಕನ್ನಡ ಸಭೆಗಳ ಎಷ್ಟೋ ಬೋಧಕರು ಅಲ್ಲಿಂದಲೇ ಬಂದಿದ್ದಾರೆ.

ತಂದೆತಾಯಿಗಳೇ, ಬೀಜದ ಹಣವನ್ನು ಮಗನ ಇಲ್ಲವೆ ಮಗಳ ಊಟಕ್ಕೆ ಕೊಟ್ಟೆವೆಂದು ಮರುಗಬೇಡಿರಿ. ಅದೂ ಒಂದು ಬಿತ್ತಿಗೆಯೇ. ಓದಲು ಹೋಗುವ ಮಕ್ಕಳೇ, ನೀವು ಉಣ್ಣುವ ತುತ್ತಿನಲ್ಲಿ ಯಾರದೋ ಬೆವರು ಇದೆ. ಮೊಗ್ಲಿಂಗರು ತಮ್ಮ ಋಣವನ್ನು ತಾವು ಹುಟ್ಟದ ನಾಡಿನಲ್ಲಿ ತೀರಿಸಿದರು. ನಿಮ್ಮ ಋಣವಾದರೋ ಅಷ್ಟು ದೂರದಲ್ಲಿಲ್ಲ. ಎರೆಹೊಲದ ಬದುವಿನ ಮೇಲೆ ನಿಂತು, ನೀವು ಬರುವ ದಾರಿಯನ್ನು ನೋಡುತ್ತಲಿದೆ.