ಪೊರೆ ಬಂದ ಕಣ್ಣು, ಕೊಳದ ಬೆಳಕು

1914ರ ವಸಂತಕಾಲ. ಫ್ರಾನ್ಸ್‌ನ ಜಿವರ್ನಿ ಎಂಬ ಹಳ್ಳಿಯಲ್ಲಿ ಎಪ್ಪತ್ಮೂರು ವರ್ಷದ ಚಿತ್ರಕಾರನೊಬ್ಬ ಕುಂಚವನ್ನು ಬಹುತೇಕ ಬದಿಗಿಟ್ಟು ಕುಳಿತಿದ್ದ. 1911ರಲ್ಲಿ ಪತ್ನಿ ಆಲಿಸ್ ತೀರಿಕೊಂಡಿದ್ದಳು. ಮರುವರ್ಷ ಕಣ್ಣುಗಳಲ್ಲಿ ಪೊರೆ ಬೆಳೆಯುತ್ತಿದೆಯೆಂದು ವೈದ್ಯರು ತಿಳಿಸಿದ್ದರು. 1914ರ ಫೆಬ್ರವರಿಯಲ್ಲಿ ಹಿರಿಯ ಮಗನೂ ಅಗಲಿದ. ಕ್ಲಾಡ್ ಮೋನೆಯ ಕಲಾಜೀವನ ಅಲ್ಲಿಗೇ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ಅದು ಅಸಹಜವಾಗಿರಲಿಲ್ಲ.

ಬಯಲಿನಲ್ಲಿ ನಿಂತು ಚಿತ್ರ ಬರೆಯುವುದೇ ಆತನ ಬದುಕಾಗಿತ್ತು. 1840ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ, ಸಮುದ್ರತೀರದ ಲ ಆವ್ರ್ ಪಟ್ಟಣದಲ್ಲಿ ಬೆಳೆದ ಹುಡುಗನನ್ನು ಯೂಜೀನ್ ಬೂದಾನ್ ಎಂಬ ಹಿರಿಯ ಕಲಾವಿದ ಗಾಳಿ ಬೆಳಕುಗಳ ನಡುವೆ ಕರೆದೊಯ್ದು ಕೂರಿಸಿದ್ದ. ತವರದ ಕೊಳವೆಗಳಲ್ಲಿ ತುಂಬಿದ ಬಣ್ಣ ಪೇಟೆಗೆ ಬಂದಿತ್ತು. ರೈಲು ಊರಾಚೆಗೆ ಒಯ್ಯುತ್ತಿತ್ತು. ಚಿತ್ರಶಾಲೆಯ ಗೋಡೆಗಳಿಂದ ಬಿಡುಗಡೆ ಪಡೆಯಲು ಆ ತಲೆಮಾರಿಗೆ ಇಷ್ಟು ಸಾಕಾಯಿತು. 1874ರ ಪ್ರದರ್ಶನದಲ್ಲಿ ಮೋನೆಯ ಸೂರ್ಯೋದಯದ ಚಿತ್ರವನ್ನು ಗೇಲಿ ಮಾಡಿದ ವಿಮರ್ಶಕನೊಬ್ಬನ ಬರಹದಿಂದಲೇ ಇಂಪ್ರೆಷನಿಸ್ಟರು ಎಂಬ ಹೆಸರು ಆ ಗುಂಪಿಗೆ ಅಂಟಿಕೊಂಡಿತು.

ಜಿವರ್ನಿಗೆ ಆತ ಬಂದದ್ದು 1883ರಲ್ಲಿ. ಹತ್ತು ವರ್ಷಗಳ ಬಳಿಕ ರೈಲುಹಳಿಯ ಆಚೆಗಿದ್ದ ಜಮೀನು ಕೊಂಡು, ಹತ್ತಿರದ ತೊರೆಯ ನೀರನ್ನು ತಿರುಗಿಸಿ ಕೊಳ ಕಟ್ಟಿಸಲು ಹೊರಟಾಗ ಹಳ್ಳಿಗರು ತಕರಾರು ತೆಗೆದರು. ಪರದೇಶದ ಗಿಡಗಳಿಂದ ನೀರು ಕೆಟ್ಟೀತೆಂಬುದು ಅವರ ಭಯ. ಕಡೆಗೂ ಅನುಮತಿ ದೊರೆಯಿತು. ಕೊಳದಲ್ಲಿ ನೈದಿಲೆಗಳು ಅರಳಿದವು, ಜಪಾನೀ ಮಾದರಿಯ ಕಮಾನುಸೇತುವೆ ನಿಂತಿತು. ಯೌವನದಲ್ಲಿ ಕಡಲದಂಡೆಯ ಬಂಡೆಗಳನ್ನು ಹುಡುಕಿಕೊಂಡು ಅಲೆದವನು ಮುಪ್ಪಿನ ಕಾಲಕ್ಕೆ ತನ್ನದೇ ನಿಸರ್ಗವನ್ನು ಮನೆಯ ಪಕ್ಕದಲ್ಲಿ ನಿರ್ಮಿಸಿಕೊಂಡಿದ್ದ. ಇದೊಂದು ದೂರದೃಷ್ಟಿಯೇ ಸರಿ.

ಗೆಳೆಯ ಜಾರ್ಜ್ ಕ್ಲೆಮಾನ್ಸೋನ ಒತ್ತಾಸೆಯಿಂದ ಮೋನೆ 1914ರಲ್ಲಿ ಮತ್ತೆ ಆ ಕೊಳದ ದಡಕ್ಕೆ ಬಂದ. ಹಿಂದೆ ಬರೆದ ನೈದಿಲೆ ಚಿತ್ರಗಳು ಕೈಯಲ್ಲಿ ಹಿಡಿದು ಒಯ್ಯುವಷ್ಟು ಗಾತ್ರದವು; ಈಗ ನೀರಿನಂಚಿನಲ್ಲಿ ನಿಂತದ್ದು ಆಳೆತ್ತರದ ಕ್ಯಾನ್ವಾಸುಗಳು. ಬೇಸಿಗೆಯಲ್ಲಿ ದೊಡ್ಡ ಛತ್ರಿಯ ನೆರಳಿನಲ್ಲಿ ಕೊಳವನ್ನು ನೋಡುತ್ತಲೇ ಬರೆಯುವುದು, ಅವುಗಳ ಆಧಾರದಿಂದ ಇನ್ನೂ ದೊಡ್ಡ ಫಲಕಗಳನ್ನು ಹೊಸದಾಗಿ ಕಟ್ಟಿಸಿದ ವಿಶಾಲ ಚಿತ್ರಶಾಲೆಯಲ್ಲಿ ಬೆಳೆಸುವುದು ಆತನ ಕ್ರಮವಾಯಿತು. 1915ರಲ್ಲಿ ಸಾಶಾ ಗಿತ್ರಿ ತೆಗೆದ ಚಲನಚಿತ್ರದಲ್ಲಿ ಬಿಳಿಯ ಉಡುಪು, ಅಗಲ ಅಂಚಿನ ಟೋಪಿ, ಬಾಯಲ್ಲಿ ಸಿಗರೇಟು ಹೊತ್ತ ಈ ವೃದ್ಧ ಕೊಳದತ್ತ ಮತ್ತೆ ಮತ್ತೆ ತಿರುಗಿ ನೋಡುತ್ತ ಬಣ್ಣ ಹಚ್ಚುವುದನ್ನು ಇಂದಿಗೂ ಕಾಣಬಹುದು. ಮಲಮಗಳೂ, ಗತಿಸಿದ ಮಗನ ಹೆಂಡತಿಯಾದ್ದರಿಂದ ಸೊಸೆಯೂ ಆದ ಬ್ಲಾಂಶ್ ಜೊತೆಗಿದ್ದಳು. ಸ್ವತಃ ಒಳ್ಳೆಯ ನಿಸರ್ಗ ಚಿತ್ರಕಾರ್ತಿಯಾಗಿದ್ದ ಆಕೆ ಈ ವರ್ಷಗಳಲ್ಲಿ ತನ್ನ ಕೆಲಸವನ್ನು ಬದಿಗೊತ್ತಿದ್ದು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಮೋನೆಯ ಮರಣಾನಂತರವೇ ಆಕೆ ಚಿತ್ರಕಲೆಗೆ ಹಿಂತಿರುಗಿದಳು.

ಮೊದಲ ಮಹಾಯುದ್ಧದ ನಡುವೆಯೂ ಆತ ಜಿವರ್ನಿ ಬಿಡಲಿಲ್ಲ. 1918ರ ನವೆಂಬರ್ 11ರಂದು ಯುದ್ಧ ನಿಂತಿತು. ಮರುದಿನವೇ, ಆಗ ಪ್ರಧಾನಿಯಾಗಿದ್ದ ಕ್ಲೆಮಾನ್ಸೋಗೆ ಪತ್ರ ಬರೆದು ಎರಡು ಫಲಕಗಳನ್ನು ದೇಶಕ್ಕೆ ಕೊಡುವುದಾಗಿ ತಿಳಿಸಿದ. ಆ ಎರಡು ಬೆಳೆಯುತ್ತ ಹೋಗಿ ಕಡೆಗೆ ಇಪ್ಪತ್ತೆರಡಾದವು.

ಅಷ್ಟರಲ್ಲಿ ದೃಷ್ಟಿ ಕೈಕೊಡತೊಡಗಿತ್ತು. ಪೊರೆ ಬಲಿತಂತೆ ಕಣ್ಣಿನೊಳಗಿನ ಮಸೂರ ಹಳದಿಯಿಂದ ಕಂದಿಗೆ ತಿರುಗುತ್ತದೆ, ನೀಲಿಯ ಛಾಯೆಗಳು ಒಳಗೆ ಬರುವುದೇ ಇಲ್ಲ. ಬಣ್ಣ ಬಣ್ಣವೆಂದು ತಿಳಿಯದಾದಾಗ ಮೋನೆ ಕೊಳವೆಗಳ ಮೇಲಿನ ಹೆಸರುಗಳನ್ನೂ, ಬಣ್ಣದ ಹಲಗೆಯಲ್ಲಿ ಅವುಗಳನ್ನಿಡುವ ಗೊತ್ತಾದ ಕ್ರಮವನ್ನೂ ನಂಬಿದ. ನಡುಹಗಲಿನ ಪ್ರಖರ ಬೆಳಕನ್ನು ತಪ್ಪಿಸಿದ. ಶಸ್ತ್ರಚಿಕಿತ್ಸೆಗೆ ಮಾತ್ರ ಒಲ್ಲೆನೆಂದ. ಇದ್ದುದೂ ಹೋದೀತೆಂಬ ಅಂಜಿಕೆ. 1922ರ ವೇಳೆಗೆ ಬಲಗಣ್ಣಿಗೆ ಬೆಳಕಿನ ಸುಳಿವಷ್ಟೇ ಉಳಿದಿತ್ತು. ವೈದ್ಯಶಾಸ್ತ್ರ ಓದಿದ್ದ ಕ್ಲೆಮಾನ್ಸೋ ಪಟ್ಟುಬಿಡದೆ ಒಪ್ಪಿಸಿದ; 1923ರಲ್ಲಿ ಡಾ. ಶಾರ್ಲ್ ಕುತೆಲಾ ಆ ಕಣ್ಣಿಗೆ ಶಸ್ತ್ರಚಿಕಿತ್ಸೆ ನಡೆಸಿದರು. ಅಲುಗದೆ ಮಲಗಬೇಕಾಗಿದ್ದ ರೋಗಿ ಸಿಟ್ಟಿನಿಂದ ಪಟ್ಟಿಯನ್ನೇ ಕೀಳಲು ಹೋದ. ತೆಗೆದ ಮಸೂರದ ಜಾಗಕ್ಕೆ ಬೇರೊಂದನ್ನು ಕೂರಿಸುವ ವಿದ್ಯೆ ಆಗ ಇರಲಿಲ್ಲ. ದಪ್ಪ ಕನ್ನಡಕದೊಳಗಿಂದ ಲೋಕ ಒಮ್ಮೆ ಅತಿ ನೀಲಿಯಾಗಿ, ಒಮ್ಮೆ ಅತಿ ಹಳದಿಯಾಗಿ ತೋರುತ್ತಿತ್ತು. ಇನ್ನೊಂದು ಕಣ್ಣನ್ನು ಆತ ಯಾರಿಗೂ ಮುಟ್ಟಗೊಡಲಿಲ್ಲ.

ಕೊನೆಯ ವರ್ಷಗಳ ಸೇತುವೆಯ ಚಿತ್ರಗಳಲ್ಲಿ ಉರಿಯುವ ಕೆಂಪು ಕಂದುಗಳಿಗೆಲ್ಲ ಪೊರೆಯೇ ಕಾರಣವೆಂದುಬಿಡುವುದು ಸುಲಭ. ಆದರೆ ದೃಷ್ಟಿ ಮರಳಿದ ಮೇಲೆ ಆತ ಹಳೆಯ ಕ್ಯಾನ್ವಾಸುಗಳನ್ನು ಹೊರತೆಗೆದು ನೋಡಿದ. ಕೆಲವನ್ನು ತಿದ್ದಿದ, ಒಪ್ಪಿಗೆಯಾಗದ ಹಲವನ್ನು ನಾಶಪಡಿಸಿದ. ಉಳಿದವು ಉಳಿದದ್ದು ಆಕಸ್ಮಿಕವೆನ್ನಲಾಗದು. ಹೊಸ ಕನ್ನಡಕಗಳು ಹೊಂದಿಕೊಂಡ 1925ರಲ್ಲಿ ಆತ ಮತ್ತೆ ಹುರುಪಿನಿಂದ ಕೆಲಸಕ್ಕಿಳಿದ.

1926ರ ಡಿಸೆಂಬರ್ 5ರಂದು, ಎಂಬತ್ತಾರರ ವಯಸ್ಸಿನಲ್ಲಿ ಮೋನೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ನಿಧನನಾದ. ಕೊಡುತ್ತೇನೆಂದ ಫಲಕಗಳನ್ನು ಬದುಕಿರುವಷ್ಟು ಕಾಲ ಕೈಬಿಟ್ಟಿರಲಿಲ್ಲ. 1927ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಒರಾಂಜರಿಯ ಎರಡು ಅಂಡಾಕಾರದ ಕೋಣೆಗಳಲ್ಲಿ ಅವು ತೆರೆದುಕೊಂಡವು. ಮೇಲ್ಛಾವಣಿಯಿಂದ ಹಗಲಿನ ಬೆಳಕು ಇಳಿಯುವಂತೆ ಆ ಕೋಣೆಗಳನ್ನು ರೂಪಿಸಲಾಗಿತ್ತು. 1960ರ ದಶಕದಲ್ಲಿ ಅವುಗಳ ಮೇಲೆ ಇನ್ನೊಂದು ಮಹಡಿ ಕಟ್ಟಿ ಆ ಬೆಳಕನ್ನೇ ಮುಚ್ಚಿದರು. ಆರು ವರ್ಷಗಳ ನವೀಕರಣದ ಬಳಿಕ, 2006ರಲ್ಲಿ ಆ ಮಹಡಿ ಇಲ್ಲವಾಗಿ, ನೈದಿಲೆಗಳ ಮೇಲೆ ಆಕಾಶದ ಬೆಳಕು ಮತ್ತೆ ಬಿತ್ತು.