ಹೃದಯದ ಗೋಡೆಯಲ್ಲಿ ರಂಧ್ರವಿಲ್ಲ ಎಂದ ಇಬ್ನುನ್ನಫೀಸ್

ಬಕ್ರೀದಿನಂದು ಖುರ್ಬಾನಿಯ ಮಾಂಸ ಪಾಲು ಮಾಡಲು ಕುಳಿತಾಗ ಕುರಿಯ ದಿಲ್ ಅನ್ನು ಉದ್ದಕ್ಕೆ ಸೀಳಿ ನೋಡಿದ್ದೀರಾ? ಯಾದಗಿರಿಯಾಗಲಿ, ಶಹಾಪುರ, ಸುರಪುರಗಳಾಗಲಿ, ನಮ್ಮ ಮನೆಗಳಲ್ಲಿ ಅದು ಕಲೇಜಿ, ಗುರ್ದೆಗಳ ಜೊತೆ ನೇರವಾಗಿ ಬಾಣಲೆಗೆ ಹೋಗುತ್ತದೆ. ಮುಂದಿನ ಸಲ ಒಂದು ಗಳಿಗೆ ತಡೆದು ನೋಡಿ. ಬಲಕ್ಕೆ ಎರಡು, ಎಡಕ್ಕೆ ಎರಡು, ಹೀಗೆ ನಾಲ್ಕು ಕೋಣೆಗಳು. ಬಲಗಡೆಯ ಕೆಳಕೋಣೆಯ ಗೋಡೆ ತೆಳು, ಎಡಗಡೆಯದು ದಪ್ಪ. ಇವೆರಡರ ನಡುವೆ ಗಟ್ಟಿ ಮಾಂಸದ ಅಡ್ಡಗೋಡೆ. ಅದರಲ್ಲಿ ಒಂದು ರಂಧ್ರವೂ ನಿಮಗೆ ಸಿಗದು. ಇಷ್ಟು ಸರಳವಾದ ಸಂಗತಿಯನ್ನು ಒಪ್ಪಿಕೊಳ್ಳಲು ವೈದ್ಯಲೋಕಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿ ಬೇಕಾಯಿತು.

ಕ್ರಿ.ಶ. 2ನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ (ನಮ್ಮ ಕಿತಾಬುಗಳ ಜಾಲೀನೂಸ್) ಬೇರೆಯೇ ಹೇಳಿದ್ದನು. ರಕ್ತ ಯಕೃತ್ತಿನಲ್ಲಿ ಹುಟ್ಟಿ, ದೇಹಕ್ಕೆಲ್ಲ ಹರಿದು, ಅಲ್ಲಿಯೇ ಖರ್ಚಾಗುತ್ತದೆ ಎಂಬುದು ಅವನ ಮತ. ನಾರಾಯಣಪುರ ಅಣೆಕಟ್ಟಿನ ಕಾಲುವೆಯ ನೀರು ಸುರಪುರ, ಶಹಾಪುರಗಳ ಗದ್ದೆಗಳಲ್ಲಿ ಇಂಗಿ ಹೋಗುತ್ತದಲ್ಲವೇ, ಹಾಗೆ. ಅದರಲ್ಲಿ ಸ್ವಲ್ಪ ಭಾಗ ಹೃದಯದ ಅಡ್ಡಗೋಡೆಯ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಬಲದಿಂದ ಎಡಕ್ಕೆ ಜಿನುಗುತ್ತದೆ ಎಂದೂ ಅವನು ಬರೆದನು. ಮಹಾ ವಿದ್ವಾಂಸ ಇಬ್ನು ಸೀನಾರಂಥವರ ಕಾಲಕ್ಕೂ ಗ್ಯಾಲೆನನ ಮಾತು ಅಲುಗಾಡಲಿಲ್ಲ.

ಅದನ್ನು ಅಲುಗಾಡಿಸಿದವರು ಅಲಾವುದ್ದೀನ್ ಅಲಿ, ಅಂದರೆ ಇಬ್ನುನ್ನಫೀಸ್. 13ನೇ ಶತಮಾನದ ಆರಂಭದಲ್ಲಿ ಡಮಾಸ್ಕಸ್ ಸೀಮೆಯಲ್ಲಿ ಜನಿಸಿದರು. ನೂರುದ್ದೀನ್ ಝಂಗಿ ಕಟ್ಟಿಸಿದ ನೂರಿ ಆಸ್ಪತ್ರೆಯಲ್ಲಿ ಅದ್ದಖ್ವಾರ್ ಎಂಬ ಹೆಸರಾಂತ ಗುರುವಿನಿಂದ ವೈದ್ಯ ಕಲಿತರು. ಆಮೇಲೆ ಕೈರೋಗೆ ಹೋಗಿ ನೆಲೆಸಿದರು. ಅಲ್ಲಿ ಅವರು ಬರಿಯ ವೈದ್ಯರಾಗಿರಲಿಲ್ಲ. ಮಸ್ರೂರಿಯ್ಯಾ ಮದ್ರಸದಲ್ಲಿ ಶಾಫಿಈ ಫಿಕ್ಹ್ ಬೋಧಿಸುತ್ತಿದ್ದರು. ದೀನೀ ವಿದ್ಯೆಗೂ ಲೌಕಿಕ ವಿದ್ಯೆಗೂ ನಡುವೆ ಗೋಡೆ ಕಟ್ಟುವವರು ಇದನ್ನು ಗಮನಿಸಬೇಕು. ಆ ಗೋಡೆಯನ್ನು ನಾವು ಕಟ್ಟಿಕೊಂಡದ್ದು ತೀರಾ ಈಚೆಗೆ.

1242ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿರುವಾಗ, ಅವರು ಇಬ್ನು ಸೀನಾರ ಅಲ್‌ಖಾನೂನ್ ಗ್ರಂಥದ ಅಂಗರಚನೆಯ ಭಾಗಗಳಿಗೆ ವ್ಯಾಖ್ಯಾನ ಬರೆದರು. ಮೂಲ ಕರ್ತೃವಿನ ಬಗ್ಗೆ ಎಷ್ಟು ಗೌರವವಿದ್ದರೂ ಅಡ್ಡಗೋಡೆಯ ವಿಷಯ ಬಂದಾಗ ಅವರು ಮುಲಾಜು ಇಟ್ಟುಕೊಳ್ಳಲಿಲ್ಲ. ಅಲ್ಲಿ ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ. ಬಲಕೋಣೆಯ ರಕ್ತ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಂದಿಗೆ ಬೆರೆತು, ಆ ಬಳಿಕವೇ ಎಡಕೋಣೆಗೆ ಬರುತ್ತದೆ ಎಂದು ಬರೆದುಬಿಟ್ಟರು. ಹೀಗೆ ಬರೆದವರಲ್ಲಿ ನಮಗೆ ತಿಳಿದಿರುವ ಮೊದಲಿಗರು ಅವರೇ.

ಇಂದು ನಾವು ತಿಳಿದಿರುವ ಕ್ರಮ ಹೀಗಿದೆ. ದೇಹವನ್ನೆಲ್ಲ ಸುತ್ತಿ ಬಂದ ಕಪ್ಪಗಿನ ರಕ್ತ ಬಲಗಡೆಗೆ ಸೇರುತ್ತದೆ. ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಇಂಗಾಲಾಮ್ಲವನ್ನು ಬಿಟ್ಟು ಆಮ್ಲಜನಕವನ್ನು ಪಡೆಯುತ್ತದೆ. ಕುರಿಯ ಶ್ವಾಸಕೋಶವನ್ನು ನೀರಿಗೆ ಹಾಕಿದರೆ ತೇಲುತ್ತದೆ, ಒಳಗೆಲ್ಲ ಸಣ್ಣ ಸಣ್ಣ ಗಾಳಿಚೀಲಗಳು. ಕೆಂಪೇರಿದ ರಕ್ತ ಎಡಗಡೆಗೆ ಬರುತ್ತದೆ. ಅದನ್ನು ಕಿವಿಯ ತುದಿಯಿಂದ ಗೊರಸಿನವರೆಗೆ ತಳ್ಳಬೇಕಾದುದರಿಂದಲೇ ಆ ಕಡೆಯ ಗೋಡೆ ದಪ್ಪ. ಝಬಹ್ ಆದ ಕೂಡಲೇ ಹೃದಯ ನಿಲ್ಲುವುದಿಲ್ಲ. ಕೆಲ ಹೊತ್ತು ಬಡಿಯುತ್ತಲೇ ಇದ್ದು ರಕ್ತವನ್ನು ಹೊರಹಾಕುತ್ತದೆ. ಭೀಮಾ ನದಿಯ ಮೀನಿಗೆ ಇಷ್ಟೆಲ್ಲ ಏರ್ಪಾಡಿಲ್ಲ. ಅದರ ಹೃದಯಕ್ಕೆ ಮೇಲೊಂದು, ಕೆಳಗೊಂದು ಕೋಣೆ ಮಾತ್ರ. ರಕ್ತ ಕಿವಿರುಗಳಿಗೆ ಹೋಗಿ ಅಲ್ಲಿಂದಲೇ ಮೈಗೆ ಹರಿಯುತ್ತದೆ. ಯಾವ ಜೀವಿಗೆ ಎಷ್ಟು ಬೇಕೋ ಅಷ್ಟನ್ನು ಅಲ್ಲಾಹನು ಕೊಟ್ಟಿದ್ದಾನೆ.

ಇಬ್ನುನ್ನಫೀಸ್ ಶವವನ್ನು ಕೊಯ್ದು ನೋಡಿದ್ದರೇ? ಶರೀಅತ್ತಿನ ನಿಷೇಧವೂ ತಮ್ಮ ಸ್ವಭಾವದ ಕರುಣೆಯೂ ಅದರಿಂದ ತಡೆದವೆಂದು ಅವರೇ ಬರೆದಿದ್ದಾರೆ. ಆದರೆ ಅದೇ ಗ್ರಂಥದಲ್ಲಿ, ಅಂಗಛೇದನವು ಹಿಂದಿನವರ ಮಾತನ್ನು ಸುಳ್ಳಾಗಿಸುತ್ತದೆ ಎಂಬರ್ಥದ ಮಾತೂ ಇದೆ. ಪ್ರಾಣಿಗಳನ್ನು ನೋಡಿ ತಿಳಿದರೋ, ತರ್ಕದಿಂದ ತಿಳಿದರೋ ಎಂದು ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ಜಲ್ಸಾಗಳಲ್ಲಿ ರಕ್ತ ಪರಿಚಲನೆಯನ್ನೆಲ್ಲ ಇಬ್ನುನ್ನಫೀಸರೇ ಕಂಡುಹಿಡಿದರೆಂದು ಭಾಷಣ ಮಾಡುವವರಿದ್ದಾರೆ. ಅದು ನಿಜವಲ್ಲ. ಅವರು ತೋರಿಸಿದ್ದು ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಬರುವ ಸಣ್ಣ ಸುತ್ತನ್ನು ಮಾತ್ರ. ದೇಹದ ದೊಡ್ಡ ಸುತ್ತನ್ನು 1628ರಲ್ಲಿ ನಿರೂಪಿಸಿದವರು ಇಂಗ್ಲೆಂಡಿನ ವಿಲಿಯಂ ಹಾರ್ವೆ. ಶ್ವಾಸಕೋಶದ ಕೂದಲಿಗಿಂತ ತೆಳುವಾದ ರಕ್ತನಾಳಗಳನ್ನು 1661ರಲ್ಲಿ ಕಪ್ಪೆಯಲ್ಲಿ ಸೂಕ್ಷ್ಮದರ್ಶಕದಿಂದ ಕಂಡವರು ಇಟಲಿಯ ಮಾಲ್ಪೀಗಿ. ಇಬ್ನು ಸೀನಾರ ಮಾತಿನ ತಪ್ಪನ್ನೇ ಎತ್ತಿ ತೋರಿಸಿದವರ ಹೆಸರಿನಲ್ಲಿ ನಾವು ಇತರರ ಹಕ್ಕನ್ನು ಕಸಿಯುವುದೇ?

ಕೈರೋದಲ್ಲಿ ಅವರು ಮುಖ್ಯ ವೈದ್ಯರಾಗಿ, ಸುಲ್ತಾನ್ ಬೈಬರ್ಸರ ವೈದ್ಯರಾಗಿ ಬಾಳಿದರು. ಬರೆಯಲು ಕುಳಿತರೆ ಪ್ರವಾಹದಂತೆ ಬರೆಯುತ್ತಿದ್ದರಂತೆ. ಮುನ್ನೂರು ಸಂಪುಟಗಳಾಗಬೇಕೆಂದಿದ್ದ ಅಶ್ಶಾಮಿಲ್ ಎಂಬ ವೈದ್ಯಕೋಶದಲ್ಲಿ ಎಂಬತ್ತು ಮುಗಿದಿದ್ದವು. 1288ರಲ್ಲಿ ಕಾಯಿಲೆ ಬಿದ್ದಾಗ ಸಂಗಾತಿ ವೈದ್ಯರು ಔಷಧಿಯೆಂದು ಮದ್ಯವನ್ನು ಸೂಚಿಸಿದರು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ರಬ್ಬನ ಮುಂದೆ ನಿಲ್ಲಲಾರೆನೆಂದು ನಿರಾಕರಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಮನೆಯನ್ನೂ ಗ್ರಂಥಗಳನ್ನೂ ಸುಲ್ತಾನ್ ಖಲಾವೂನ್ ಕಟ್ಟಿಸಿದ್ದ ಮನ್ಸೂರಿ ಆಸ್ಪತ್ರೆಗೆ ವಕ್ಫ್ ಮಾಡಿ ಕಣ್ಣು ಮುಚ್ಚಿದರು.

ಅವರ ಮೂಜಝ್ ಎಂಬ ಸಂಕ್ಷಿಪ್ತ ಗ್ರಂಥ ಹಿಂದೂಸ್ಥಾನದ ಯುನಾನಿ ಹಕೀಮರ ಪಾಠಪುಸ್ತಕವಾಯಿತು. 1948ರವರೆಗೆ ನಮ್ಮ ಈ ಊರುಗಳೆಲ್ಲ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಯುನಾನಿಗೆ ದೊಡ್ಡ ಮನ್ನಣೆಯಿತ್ತು. ಆದರೆ ಮೂಜಝಿನಲ್ಲಿ ಅಂಗರಚನೆಯ ಭಾಗವೇ ಇಲ್ಲ. ಹಾಗಾಗಿ ಅದನ್ನು ಓದಿದವರ ಕೈಗೆ ಆ ಅಡ್ಡಗೋಡೆಯ ಮಾತು ದಕ್ಕಲಿಲ್ಲ. ಅದಿದ್ದ ವ್ಯಾಖ್ಯಾನದ ಹಸ್ತಪ್ರತಿ ಜರ್ಮನಿಯ ಬರ್ಲಿನ್ ಗ್ರಂಥಾಲಯದಲ್ಲಿತ್ತು. 1924ರಲ್ಲಿ ಮುಹಿಯುದ್ದೀನ್ ತತಾವಿ ಎಂಬ ಈಜಿಪ್ಟಿನ ಯುವ ವೈದ್ಯರು ಅದನ್ನು ಬಿಡಿಸಿ ಓದಿ, ತಮ್ಮ ಪ್ರಬಂಧದಲ್ಲಿ ಲೋಕಕ್ಕೆ ತಿಳಿಸಿದರು.